ನಿತ್ಯ ಸಹಾಯ ಮಾತೆಯ ಐಕಾನ್: ಗೆಸ್ಸೊದಲ್ಲಿ ಬಿರುಕು, ಚಿನ್ನ ಏಳುತ್ತಿದೆ, ಮುಖ ಬೂದಿಬಣ್ಣ

ಕುಡ್ಲದ_ಕುಂಚ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ನಮ್ಮ ಇಗರ್ಜಿಯ ಪ್ರಾರ್ಥನಾ ಕೋಣೆಗೆ ನಿತ್ಯ ಸಹಾಯ ಮಾತೆಯ ಐಕಾನ್ (ಮರಿಯಳೂ ಮಗು ಯೇಸುವೂ ಇರುವ ಪವಿತ್ರ ಚಿತ್ರ) ಬರೆಯುವ ಕೆಲಸ ನಡೆದಿದೆ. ಪ್ರಿಂಟ್ ಹಾಕಿಸುವುದು ಸುಲಭ. ಆದರೆ ಬುಧವಾರದ ನೊವೆನಾದಲ್ಲಿ ಜನ ಮೊಣಕಾಲೂರುವ ಜಾಗ ಅದು. ಅಲ್ಲಿ ಮರ, ಮಣ್ಣು, ಮೊಟ್ಟೆ, ಚಿನ್ನದಿಂದ ಪ್ರಾರ್ಥನಾಪೂರ್ವಕವಾಗಿ ಮಾಡಿದ್ದೇ ಇರಬೇಕು ಎಂಬುದು ನಮ್ಮ ಆಸೆ. ಅಳತೆ ರೋಮಿನ ಮೂಲದಷ್ಟೇ, ಸುಮಾರು 54 × 41.5 ಸೆಂ.ಮೀ.

ಹಲಗೆ 18 ಎಂ.ಎಂ. ಪ್ಲೈವುಡ್, ಮೇಲೆ ಹತ್ತಿ ಬಟ್ಟೆ ಅಂಟಿಸಿದೆ. ಗೆಸ್ಸೊಗೆ (ಬಣ್ಣದ ಅಡಿಗೆ ಹಚ್ಚುವ ಬಿಳಿ ತಳಪದರ) ಲೀಟರ್ ನೀರಿಗೆ 100 ಗ್ರಾಂ ಜೆಲಾಟಿನ್, ಅದಕ್ಕೆ ಸುಣ್ಣದ ಕಲ್ಲಿನ ಬಿಳಿ ಪುಡಿ. ಫ್ಯಾನ್ ಕೆಳಗೆ ಒಣಗಿಸುತ್ತ ಒಂದೇ ದಿನದಲ್ಲಿ ಹತ್ತು ಕೋಟ್. ಆರನೇ ಕೋಟ್‌ನಿಂದ ಬಲೆಯಂತೆ ಸಣ್ಣ ಬಿರುಕು, ಅಲ್ಲಲ್ಲಿ ಸೂಜಿಮೊನೆಯಷ್ಟು ತೂತು. ಚಿನ್ನವನ್ನು ಬೇರೆ ತುಂಡು ಹಲಗೆಯ ಮೇಲೆ ಪರೀಕ್ಷಿಸಿದಾಗ, ಮರುದಿನ ಹೊಳಪಿಗೆಂದು ಅಗೇಟ್ ಕಲ್ಲಿನಿಂದ ಉಜ್ಜಿದರೆ ರೇಕಿನ (ಚಿನ್ನದ ತೆಳು ಹಾಳೆಯ) ಜೊತೆ ಕೆಳಗಿನ ಕೆಂಪು ಜೇಡಿಯೂ ಎದ್ದು ಬರುತ್ತದೆ. ಮುಖದ ಪರೀಕ್ಷೆಯಲ್ಲಿ ಆಲಿವ್ ಬಣ್ಣದ ತಳದ ಮೇಲೆ ಬಿಳಿ ಬೆರೆಸಿದ ಮೈಬಣ್ಣ ಹಚ್ಚಿದರೆ ಬೂದಿ ಬಳಿದಂತೆ ಕಾಣುತ್ತದೆ.

ಇನ್ನೆರಡು ಸಂದೇಹ. ಹಲವು ಪ್ರಿಂಟ್‌ಗಳಲ್ಲಿ ತಾಯಿಗೂ ಮಗುವಿಗೂ ಕಿರೀಟ ಇದೆ, ಕೆಲವದರಲ್ಲಿ ಇಲ್ಲ. ಯಾವುದು ಸರಿ? ಹೆಸರನ್ನು ಕನ್ನಡದಲ್ಲಿ ಬರೆಯಬಹುದೇ?

ಹಲಗೆ_ಬಿಳುಪು

ಗೆಸ್ಸೊದ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಕೆಟ್ಟರೆ ಮೇಲಿನದ್ದೆಲ್ಲ ವ್ಯರ್ಥ.

ಬಿರುಕಿಗೆ ಕಾರಣ ನಿಮ್ಮ ಲೆಕ್ಕದಲ್ಲೇ ಇದೆ. ಮೊದಲನೆಯದು, ಅಂಟು ಬಲವಾಯಿತು. ಲೀಟರ್‌ಗೆ 70 ಗ್ರಾಂ ಸಾಕು. ಎರಡನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ: ದಿನವಿಡೀ ಪಾತ್ರೆ ಬಿಸಿಯಲ್ಲಿದ್ದರೆ ನೀರು ಆರುತ್ತ ಹೋಗಿ ಅಂಟು ಗಟ್ಟಿಯಾಗುತ್ತದೆ. ಮೊದಲ ಕೋಟ್‌ಗಿಂತ ಆರನೆಯದು ಬಲವಾಗಿರುತ್ತದೆ. ಬಲವಾದ ಪದರ ಒಣಗುವಾಗ ಕುಗ್ಗಿ ಕೆಳಗಿನ ಬಲಹೀನ ಪದರವನ್ನು ಎಳೆಯುತ್ತದೆ, ಬಲೆಯಂಥ ಬಿರುಕು ಅಲ್ಲಿಂದಲೇ. ಮೇಲಿನ ಪದರ ಕೆಳಗಿನದಕ್ಕಿಂತ ಎಂದೂ ಬಲವಾಗಿರಬಾರದು. ಪಾತ್ರೆಯ ಹೊರಗೆ ಗೆಸ್ಸೊದ ಮಟ್ಟಕ್ಕೆ ಗುರುತು ಹಾಕಿ, ಆರಿದಷ್ಟು ಬಿಸಿನೀರನ್ನು ಆಗಾಗ ಸೇರಿಸಿ. ಪ್ರತಿ ಕೋಟ್ ಆದಮೇಲೆ ಹೊಸ ಮಟ್ಟಕ್ಕೆ ಗುರುತು ಬದಲಿಸಬೇಕು. ಮೂರನೆಯ ಕಾರಣ ಫ್ಯಾನ್. ಮೇಲ್ಮೈ ಮೊದಲು ಒಣಗಿ ಒಳಗೆ ಹಸಿ ಉಳಿಯುತ್ತದೆ.

ಅಂಟು ಮಾಡುವ ಕ್ರಮ: ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಕರಗಿಸಿ. 60 ಡಿಗ್ರಿ ದಾಟಿಸಬೇಡಿ, ಕುದಿಸಿದರೆ ಅಂಟುವ ಶಕ್ತಿಯೇ ಹೋಗುತ್ತದೆ. ಮೊಲದ ಚರ್ಮದ ಅಂಟು ಸಿಕ್ಕರೆ ಜೆಲಾಟಿನ್‌ಗಿಂತ ಒಳ್ಳೆಯದು, ಸ್ವಲ್ಪ ಬಾಗುವ ಗುಣ ಅದಕ್ಕಿದೆ. ತಣ್ಣಗಾದಾಗ ಹೆಪ್ಪುಗಟ್ಟುತ್ತದೆಯೇ ನೋಡಿ ಎಂದು ಯುರೋಪಿನ ಕೈಪಿಡಿಗಳು ಹೇಳುತ್ತವೆ. ಕರಾವಳಿಯ ಸೆಕೆಗೆ ಹೊರಗಿಟ್ಟರೆ ಅದು ಹೆಪ್ಪುಗಟ್ಟುವುದೇ ಇಲ್ಲ, ಅದನ್ನು ಕಂಡು ಇನ್ನಷ್ಟು ಅಂಟು ಸುರಿಯಬೇಡಿ. ಒಂದು ಚಮಚ ಫ್ರಿಜ್‌ನಲ್ಲಿಟ್ಟು ನೋಡಿ: ಬೆರಳಿನಿಂದ ಒತ್ತಿದರೆ ಒರಟಾಗಿ ಒಡೆಯಬೇಕು, ರಬ್ಬರಿನಂತೆ ಪುಟಿಯಬಾರದು. ಉಳಿದದ್ದನ್ನೂ ಫ್ರಿಜ್‌ನಲ್ಲೇ ಇಡಿ. ವಾಸನೆ ಬಂದರೆ ಚೆಲ್ಲಿ, ಕೊಳೆತ ಅಂಟಿನ ಗೆಸ್ಸೊ ಪುಡಿಪುಡಿಯಾಗುತ್ತದೆ.

ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರಲಿ. ಶಾಲೆಯ ಚಾಕ್‌ಪೀಸ್ ಕುಟ್ಟಿ ಹಾಕಬೇಡಿ, ಅದು ಹೆಚ್ಚಾಗಿ ಜಿಪ್ಸಮ್. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂತೂ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಅಂಗಡಿಯ ಅಕ್ರಿಲಿಕ್ ಗೆಸ್ಸೊ ಕೂಡ ಬೇಡ, ಅದು ಹೀರಿಕೊಳ್ಳುವುದಿಲ್ಲ. ಎಗ್ ಟೆಂಪೆರಾ (ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ) ಅದರ ಮೇಲೆ ಕುಳಿತಿರುತ್ತದೆ ಅಷ್ಟೇ, ಉಗುರು ತಾಗಿದರೆ ಏಳುತ್ತದೆ.

ನಿಮ್ಮ ಅಳತೆಗೆ ಅರ್ಧ ಲೀಟರ್ ಅಂಟು, ಅದರ ಒಂದೂವರೆ ಪಟ್ಟು ಗಾತ್ರದ ಪುಡಿ ಧಾರಾಳ. ಪುಡಿಯನ್ನು ಜರಡಿಯಿಂದ ಅಂಟಿನ ಮೇಲೆ ಉದುರಿಸಿ, ತಾನಾಗಿ ಮುಳುಗಲು ಬಿಡಿ, ಹತ್ತು ನಿಮಿಷದ ನಂತರ ನಿಧಾನ ಕಲಸಿ. ರಭಸದಿಂದ ಕದಡಿದರೆ ಗಾಳಿ ಸೇರುತ್ತದೆ, ನಿಮ್ಮ ತೂತುಗಳು ಅವೇ. ಗೆಸ್ಸೊ ಹೆಚ್ಚು ಬಿಸಿಯಿದ್ದರೂ ಅದೇ ಫಲ. ಮೊದಲ ಕೋಟನ್ನು ಕುಂಚದಲ್ಲಿ ಹಚ್ಚಿ ಅಂಗೈಯಿಂದ ತಿಕ್ಕಿ ಬಟ್ಟೆಯ ಎಳೆಗಳ ಒಳಗೆ ಕೂರಿಸಿ, ತೂತು ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ. ಮುಂದಿನ ಕೋಟ್‌ಗಳು ತೆಳುವಾಗಿ, ಒಮ್ಮೆ ಅಡ್ಡ, ಒಮ್ಮೆ ಉದ್ದ. ಹಿಂದಿನದರ ಹೊಳಪು ಮಾಯವಾಗಿ, ಮುಟ್ಟಿದರೆ ಇನ್ನೂ ತಂಪಿರುವಾಗಲೇ ಮುಂದಿನದು. ಹತ್ತೂ ಕೋಟ್ ಸೇರಿ ಒಂದು ಮಿಲಿಮೀಟರ್ ಆಸುಪಾಸು ಬಂದರೆ ಸಾಕು. ಹಿಂಬದಿಗೂ ಅಂಟು ಹಚ್ಚಿ, ಇಲ್ಲವಾದರೆ ಹಲಗೆ ಬಾಗುತ್ತದೆ.

ಬಿರುಕು ಬಿಟ್ಟದ್ದರ ಮೇಲೆ ಹೊಸ ಕೋಟ್ ಹಾಕಿ ಮುಚ್ಚಲು ಹೋಗಬೇಡಿ, ಗೆರೆ ಮೇಲಕ್ಕೆ ಬಂದೇ ಬರುತ್ತದೆ. ಒದ್ದೆ ಬಟ್ಟೆ ಹಾಸಿ ಮೆತ್ತಗಾದ ಮೇಲೆ ಕೆರೆದು ತೆಗೆಯಿರಿ. ಅಂಟು ನೀರಿಗೆ ಕರಗುವುದರಿಂದ ಬಟ್ಟೆಯವರೆಗೆ ಪೂರ್ತಿ ಬರುತ್ತದೆ.

ಮುಂದೆ ದಪ್ಪ ಮರದಲ್ಲೇ ಮಾಡುವ ಮನಸ್ಸಾದರೆ ತೇಗ ಬೇಡ. ಅದರ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ. ರಷ್ಯದಲ್ಲಿ ಲಿಂಡನ್ ಮರದ ಹಲಗೆಯ ಬೆನ್ನಿಗೆ ನಾರಿಗೆ ಅಡ್ಡಲಾಗಿ ಎರಡು ಪಟ್ಟಿಗಳನ್ನು ಕೊರೆದ ತೋಡಿನೊಳಗೆ ಜಾರಿಸುತ್ತಾರೆ, ಅಂಟಿಸುವುದಿಲ್ಲ. ಮರ ಹಿಗ್ಗಿ ಕುಗ್ಗಲು ಆಸ್ಪದ ಬೇಕು.

ರೇಕು_ಕೆಲಸ

ಚಿನ್ನ ಏಳುವುದಕ್ಕೆ ಎರಡು ಕಾರಣ ಇರಬಹುದು, ಬೆರಳಿನಿಂದಲೇ ಗೊತ್ತಾಗುತ್ತದೆ. ರೇಕು ಇಡುವ ಮೊದಲು ಕೆಂಪು ಜೇಡಿಯನ್ನು (ನಾವು ಬೋಲ್ ಎನ್ನುತ್ತೇವೆ) ಒಣಬೆರಳಲ್ಲಿ ಉಜ್ಜಿ. ಬೆರಳು ಕೆಂಪಾದರೆ ಬೋಲ್‌ನಲ್ಲಿ ಅಂಟು ಕಡಿಮೆ. ಬೆರಳಿಗೆ ಏನೂ ಹತ್ತದಿದ್ದರೆ ಬೋಲ್ ಸರಿಯಿದೆ, ಒಳಗೆ ತೇವ ಉಳಿದಿದೆ. ಮಂಗಳೂರಿನ ಹವೆಗೆ ಎರಡನೆಯದೇ ಹೆಚ್ಚು ಸಂಭವ.

ಬೋಲ್‌ಗೆ ಗೆಸ್ಸೊದ ಅಂಟನ್ನು ಅರ್ಧಕ್ಕೆ ತೆಳು ಮಾಡಿ ಬಳಸಿ. ನಾಲ್ಕು ತೆಳು ಕೋಟ್, ಕೊನೆಗೆ ಒಣಬಟ್ಟೆಯಿಂದ ತಿಕ್ಕಿ ಹೊಳಪು. ಅಂಟು ಹೆಚ್ಚಾದರೆ ಗಾಜಿನಂತೆ ಮಿರುಗಿ ನೀರು ಹೀರುವುದಿಲ್ಲ, ರೇಕು ತೇಪೆತೇಪೆಯಾಗಿ ಬಿಟ್ಟುಕೊಳ್ಳುತ್ತದೆ. ರೇಕು ಕೂರಿಸಲು ಮೂರು ಪಾಲು ನೀರು, ಒಂದು ಪಾಲು ಆಲ್ಕೊಹಾಲ್, ಕೆಲವು ಹನಿ ಅಂಟು. ಒದ್ದೆ ಮಾಡಿದ ತಕ್ಷಣ ರೇಕು ಇಳಿಸಿ, ಅದು ತಾನೇ ಎಳೆದುಕೊಂಡು ಕೂರುತ್ತದೆ.

ಸಣ್ಣ ಜಾಗಗಳಿಗೆ, ಅಂದರೆ ಪ್ರಭಾವಲಯದ ಅಂಚಿಗೆ, ದೇವದೂತರ ಸುತ್ತಲಿನ ಜಾಗಕ್ಕೆ, ನೀರೂ ಬೇಡ. ಕಾಗದದ ಕೊಳವೆಯಿಂದ ಬೋಲ್ ಮೇಲೆ ಬಾಯಿಯ ಬಿಸಿ ಉಸಿರು ಬಿಡಿ, ಆ ತೇವಕ್ಕೇ ಅಂಟು ಎಚ್ಚರಗೊಂಡು ರೇಕನ್ನು ಹಿಡಿಯುತ್ತದೆ. ಆದಿಕಾಂಡ 2:7ರಲ್ಲಿ ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಜೀವಶ್ವಾಸ ಊದಿದ್ದನ್ನು ಐಕಾನ್ ಕಲಿಸುವವರು ಈ ಹಂತದಲ್ಲಿ ನೆನಪಿಸುತ್ತಾರೆ. ಮಣ್ಣಿನ ಮೇಲೆ ಉಸಿರು, ಉಸಿರಿನ ಮೇಲೆ ಬೆಳಕು. ಇದನ್ನು ಪ್ರಾರ್ಥನೆಯಾಗಿಯೇ ಮಾಡಬೇಕಾದ ಕೆಲಸ ಎಂದು ನಾನು ನಂಬಿದ್ದೇನೆ.

ಉಜ್ಜುವ ಸಮಯಕ್ಕೆ ಗಡಿಯಾರ ನಂಬಬೇಡಿ. ಒಣಹವೆಯಲ್ಲಿ ಎರಡು ಮೂರು ಗಂಟೆಗೇ ಸಿದ್ಧ, ಮಳೆಗಾಲದ ಕರಾವಳಿಯಲ್ಲಿ ಮರುದಿನವೂ ಹಸಿ ಇರಬಹುದು. ಅಗೇಟ್ ಕಲ್ಲಿನಿಂದ ಮೆಲ್ಲಗೆ ತಟ್ಟಿ ಕೇಳಿ. ಟಕ್ ಎಂಬ ಗಟ್ಟಿ ಸದ್ದು ಬಂದರೆ ಉಜ್ಜಬಹುದು, ಮಂಕು ಸದ್ದಾದರೆ ಕಾಯಬೇಕು. ಮೊದಲ ಸುತ್ತು ಒತ್ತಡವಿಲ್ಲದೆ. ತೀರಾ ಒಣಗಿದರೂ ಹೊಳಪು ಬರುವುದಿಲ್ಲ, ಗೀರು ಬೀಳುತ್ತದೆ.

ಚಿನ್ನದ ಕೆಲಸ ಬಣ್ಣಕ್ಕಿಂತ ಮೊದಲೇ ಮುಗಿಯಬೇಕು. ಮೊಟ್ಟೆಯ ಬಣ್ಣ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ರೇಕು ಅಂಟಿಕೊಳ್ಳುತ್ತದೆ. ಗಡಿಗೆರೆಗಳನ್ನು ಸೂಜಿಯಿಂದ ಗೆಸ್ಸೊದಲ್ಲೇ ಕೊರೆದಿಟ್ಟರೆ ಮುಂದೆ ಬಣ್ಣ ಎಲ್ಲಿ ನಿಲ್ಲಬೇಕೆಂಬುದು ಕಳೆದುಹೋಗುವುದಿಲ್ಲ.

ರೇಕು 22 ಕ್ಯಾರಟ್‌ಗಿಂತ ಮೇಲಿನದೇ ಇರಲಿ. ಹಿತ್ತಾಳೆಯ ನಕಲಿ ರೇಕು ಉಪ್ಪುಗಾಳಿಗೆ ಕಪ್ಪಾಗುತ್ತದೆ. ಮಿಠಾಯಿಯ ವರ್ಕ್ ಬೆಳ್ಳಿಯದು, ಅದೂ ಕಪ್ಪಾಗುತ್ತದೆ. ಮೈಸೂರು ಶೈಲಿಯ ಚಿತ್ರಕಾರರು ತರಿಸುವ ಅಪ್ಪಟ ಚಿನ್ನದ ರೇಕು ಇದಕ್ಕೂ ಆಗುತ್ತದೆ. ಆದರೆ ಅವರ ಉಬ್ಬು ಗೆಸ್ಸೊ ಬೇರೆ, ಈ ಹಲಗೆಗೆ ಅದು ಹೊಂದುವುದಿಲ್ಲ.

ತೂಬಿನ_ಬೆಳಕು

ಮುಖಕ್ಕೆ ಬರೋಣ. ಬೂದಿ ಕಾಣುವುದಕ್ಕೆ ಕಾರಣ ಬೆಳಕಿನ ಗುಣ. ಕಡುಬಣ್ಣದ ಮೇಲೆ ಬಿಳಿಯ ತೆಳು ಪದರ ಹಾಯಿಸಿದರೆ ಅದು ನೀಲಿಬೂದಿಯಾಗಿಯೇ ಕಾಣುತ್ತದೆ, ಬಿಳಿ ಎಷ್ಟು ಒಳ್ಳೆಯದಾದರೂ. ಆದ್ದರಿಂದ ಮೊದಲ ಎರಡು ಮೈಬಣ್ಣಗಳಲ್ಲಿ ಬಿಳಿ ಕಾಲು ಭಾಗ ಮೀರಬಾರದು. ಹಳದಿ ಓಕರ್ (ಮಣ್ಣಿನ ಬಣ್ಣ) ಮುಖ್ಯ, ಬಿಸಿ ಕೊಡಲು ಸ್ವಲ್ಪ ಕೆಂಪು ಓಕರ್. ಬಿಳಿ ಹೆಚ್ಚುವುದು ಮೂರನೆಯದರಲ್ಲಿ, ಅದೂ ಹಣೆ, ಮೂಗಿನ ಏಣು, ಕೆನ್ನೆಯ ಮೇಲ್ಭಾಗದಲ್ಲಿ ಮಾತ್ರ. ಪ್ರತಿ ಪದರ ಹಿಂದಿನದಕ್ಕಿಂತ ಕಿರಿದು, ಹಿಂದಿನದಕ್ಕಿಂತ ತಿಳಿ. ಕೊನೆಗೆ ಕಣ್ಣಿನ ಕೆಳಗೆ ನಾಲ್ಕೈದು ಬಿಳಿ ಎಳೆ, ಅಷ್ಟೇ.

ತಳಕ್ಕೆ ಹಳದಿ ಓಕರ್ ನಾಲ್ಕು ಪಾಲು, ಹಸಿರು ಮಣ್ಣು ಎರಡು, ಸುಟ್ಟ ಅಂಬರ್ (ಕಂದು ಮಣ್ಣು) ಒಂದು, ಚಿಟಿಕೆ ಕಪ್ಪು. ಇದು ಕ್ರೀಟ್ ದ್ವೀಪದ ಶೈಲಿಯ ಐಕಾನ್. ಅಲ್ಲಿನವರು ಮುಖವನ್ನು ತೇಲಿಸಿ ಬಳಿಯುವುದಕ್ಕಿಂತ ಸಣ್ಣ ಸಮಾಂತರ ಗೆರೆಗಳಿಂದ ಕಟ್ಟುತ್ತಾರೆ. ನಂಬರ್ 1 ಕುಂಚ, ಬಣ್ಣ ಅದ್ದಿ ಬಟ್ಟೆಗೆ ಒತ್ತಿ ಹಿಂಡಿ, ಕೆನ್ನೆಯ ದುಂಡಿಗೆ ತಕ್ಕಂತೆ ಗೆರೆ. ಹತ್ತು ಹದಿನೈದು ನಿಮಿಷ ಒಣಗಲು ಬಿಡದೆ ಅದೇ ಜಾಗಕ್ಕೆ ಮರಳಿದರೆ ಕೆಳಗಿನದು ಕಿತ್ತು ಬಂದು ಕೆಸರಾಗುತ್ತದೆ.

ಪುಡಿ ಹಾರುವಂತೆ ಕಂಡರೆ ಮೊಟ್ಟೆ ಕಡಿಮೆ ಎಂದರ್ಥ. ಹಳದಿಯನ್ನು ಅಂಗೈಯಿಂದ ಅಂಗೈಗೆ ಹೊರಳಿಸಿ ಬಿಳಿಯನ್ನು ಪೂರ್ತಿ ಒರೆಸಿ. ಪೊರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಚುಚ್ಚಿ, ಒಳಗಿನದಷ್ಟೇ ಬೀಳಲಿ, ಪೊರೆ ಚೆಲ್ಲಿ. ಅಷ್ಟೇ ಪ್ರಮಾಣದ ನೀರು ಸೇರಿಸಿ. ನೀರಿನಲ್ಲಿ ಅರೆದ ಬಣ್ಣಕ್ಕೆ ಈ ಮಿಶ್ರಣ ಸಮಪಾಲು. ಗಾಜಿನ ಮೇಲೆ ಹಚ್ಚಿ ಒಣಗಿಸಿ ಬ್ಲೇಡಿನಿಂದ ಎತ್ತಿ ನೋಡಿ: ಸುರುಳಿಯಾಗಿ ಎದ್ದರೆ ಸರಿ, ಪುಡಿಯಾದರೆ ಮೊಟ್ಟೆ ಬೇಕು, ಜಿಡ್ಡು ಹೊಳಪಾದರೆ ಜಾಸ್ತಿಯಾಯಿತು. ಕೆಡದಿರಲಿ ಎಂದು ಹಲವರು ವಿನೆಗರ್ ಹಾಕುತ್ತಾರೆ. ನಿಮ್ಮಲ್ಲಿ ತಾಯಿಯ ಮೇಲುಡುಪು ಕಡುನೀಲಿ, ಅದಕ್ಕೆ ಬಳಸುವ ಅಲ್ಟ್ರಾಮರಿನ್ ನೀಲಿ ಆಮ್ಲಕ್ಕೆ ಬಣ್ಣಗೆಡುತ್ತದೆ. ಲವಂಗದೆಣ್ಣೆಯ ಒಂದು ಹನಿ ಹಾಕಿ ಫ್ರಿಜ್‌ನಲ್ಲಿಡಿ, ಮೂರು ದಿನ ಬರುತ್ತದೆ. ಪುಡಿ ತೂಗುವಾಗ ಮಾಸ್ಕ್ ಬೇಕೇಬೇಕು. ಸೀಸದ ಬಿಳಿ, ನಿಜವಾದ ಇಂಗ್ಲಿಕ (ಪಾದರಸದ ಕೆಂಪು) ವಿಷ, ಮನೆಯೊಳಗೆ ತರಲೇಬೇಡಿ. ಟೈಟಾನಿಯಂ ಬಿಳಿ, ಕೆಂಪು ಓಕರ್ ಸಾಕು.

ಕಿರೀಟದ ವಿಷಯ. 1866ರಲ್ಲಿ ಒಂಬತ್ತನೇ ಪಿಯುಸ್ ಪೋಪರು ಈ ಐಕಾನನ್ನು ರೆದೆಂಪ್ಟರಿಸ್ಟ್ ಗುರುಗಳ ಸಭೆಗೆ ಒಪ್ಪಿಸಿದರು, ಅದು ಈಗಲೂ ರೋಮಿನ ಸಂತ ಅಲ್ಫೋನ್ಸರ ದೇವಾಲಯದಲ್ಲಿದೆ. ಕಿರೀಟಧಾರಣೆ ನಡೆದದ್ದು ಮರುವರ್ಷ, 1867ರಲ್ಲಿ. ಅಂದರೆ ಕಿರೀಟ ಭಕ್ತಿಯ ಕಾಣಿಕೆ, ಚಿತ್ರಕಾರ ಬರೆದದ್ದಲ್ಲ. ಬಿಡುವುದೇ ಸರಿ.

ಅದಕ್ಕಿಂತ ಮುಖ್ಯವಾದದ್ದು ಕೈಗಳು ಮತ್ತು ನೋಟ. ಕ್ಯಾಲೆಂಡರ್ ಚಿತ್ರಗಳಲ್ಲಿ ಇವೇ ಮೊದಲು ಹಾಳಾಗುವುದು. ಮೇಲೆ ನಮ್ಮ ಎಡಕ್ಕೆ ಮಿಕಾಯೇಲ ದೂತ: ಈಟಿ, ಸ್ಪಂಜು ಚುಚ್ಚಿದ ಕೋಲು, ಹುಳಿರಸದ ಪಾತ್ರೆ. ಬಲಕ್ಕೆ ಗಬ್ರಿಯೇಲ ದೂತ: ಶಿಲುಬೆ, ಮೊಳೆಗಳು. ಇಬ್ಬರೂ ಬಟ್ಟೆಯಿಂದ ಮುಚ್ಚಿದ ಕೈಗಳಲ್ಲಿ ಅವನ್ನು ಹಿಡಿದಿದ್ದಾರೆ, ಪವಿತ್ರ ವಸ್ತುವನ್ನು ಹಿಡಿಯುವ ರೀತಿ ಅದು. ಮಗು ಯೇಸು ಕತ್ತು ಹೊರಳಿಸಿ ಶಿಲುಬೆಯ ಕಡೆ ನೋಡುತ್ತಿದ್ದಾನೆ, ಎರಡೂ ಕೈಗಳಿಂದ ತಾಯಿಯ ಬಲಗೈ ಹಿಡಿದಿದ್ದಾನೆ, ಒಂದು ಪಾದರಕ್ಷೆ ಕಳಚಿ ದಾರದಲ್ಲಿ ನೇತಾಡುತ್ತಿದೆ. ತಾಯಿ ಮಗುವನ್ನು ನೋಡುತ್ತಿಲ್ಲ, ನಮ್ಮನ್ನು ನೋಡುತ್ತಿದ್ದಾಳೆ. ಅವಳಿಗೆ ಮುಗುಳ್ನಗೆ ಬರೆದರೆ, ಅಥವಾ ಕಣ್ಣನ್ನು ಮಗುವಿನತ್ತ ತಿರುಗಿಸಿದರೆ, ಇಡೀ ಐಕಾನ್ ಅರ್ಥ ಕಳೆದುಕೊಳ್ಳುತ್ತದೆ. ಪಾಡುಗಳನ್ನು ಬಲ್ಲ ತಾಯಿಯೇ ನಮ್ಮ ಮೊರೆ ಕೇಳುತ್ತಾಳೆ ಎಂಬುದಲ್ಲವೇ ನೊವೆನಾದ ಪ್ರಾರ್ಥನೆ?

ನೆರಳು ಹಾಕಬೇಡಿ. ನಿಮ್ಮೂರಿನ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ ಬರೆದ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ಬೆಳಕು ಒಂದು ಕಡೆಯಿಂದ ಬೀಳುತ್ತದೆ, ಮೈಗೆ ಉಬ್ಬುತಗ್ಗು, ಹಿಂದೆ ಆಕಾಶ. ಅದು ಸಂತರ ಜೀವನವನ್ನು ಕಣ್ಣಮುಂದೆ ನಡೆಸಿ ತೋರಿಸುವ ಕಲೆ, ಅದರ ಭಕ್ತಿಯೇನೂ ಕಡಿಮೆಯಲ್ಲ. ಐಕಾನಿನಲ್ಲಾದರೋ ಚಿನ್ನವೇ ಬೆಳಕು. ಅದು ಹೊರಗಿನಿಂದ ಬೀಳುವುದಿಲ್ಲ, ಆದ್ದರಿಂದ ಬೀಳುನೆರಳಿಗೆ ಜಾಗವಿಲ್ಲ. ಎರಡನ್ನೂ ಬೆರೆಸಿ ಕೆನ್ನೆಗೆ ನೆರಳು ಕೊಟ್ಟರೆ ಚಿನ್ನದ ಹಿನ್ನೆಲೆ ಬರೀ ಅಲಂಕಾರವಾಗಿಬಿಡುತ್ತದೆ.

ಹೆಸರು ಬರೆಯದೆ ಐಕಾನ್ ಪೂರ್ಣವಾಗುವುದಿಲ್ಲ. 787ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪರ ಸಭೆ ಹೇಳಿದ್ದು, ಚಿತ್ರಕ್ಕೆ ಸಲ್ಲಿಸಿದ ಗೌರವ ಅದು ಯಾರದ್ದೋ ಅವರಿಗೆ ಸಲ್ಲುತ್ತದೆ ಎಂದು. ಯಾರೆಂದು ಹೆಸರಿಸಬೇಕಾದದ್ದು ಅದಕ್ಕೇ. ದೇವಮಾತೆ, ಯೇಸು ಕ್ರಿಸ್ತ, ಇಬ್ಬರು ದೂತರು, ಇವರ ಗ್ರೀಕ್ ಸಂಕ್ಷೇಪಗಳನ್ನು ಅವುಗಳ ಜಾಗದಲ್ಲೇ ಉಳಿಸಿ, ಕೆಳಗಿನ ಅಂಚಿನಲ್ಲಿ ‘ನಿತ್ಯ ಸಹಾಯ ಮಾತೆ’ ಎಂದು ಕನ್ನಡದಲ್ಲಿ ಬರೆಯಿರಿ. ಉಜ್ಜಿದ ಚಿನ್ನದ ಮೇಲೆ ಬಣ್ಣ ಹನಿಗಟ್ಟಿ ಓಡುತ್ತದೆ. ಅಕ್ಷರ ಬರುವ ಜಾಗಕ್ಕೆ ಬೆಳ್ಳುಳ್ಳಿ ರಸ ತೆಳುವಾಗಿ ಸವರಿದರೆ ಹಿಡಿಯುತ್ತದೆ. ಒತ್ತು, ದೀರ್ಘ ಇರುವುದರಿಂದ ಕನ್ನಡಕ್ಕೆ ಸಾಲಿನ ಎತ್ತರ ಹೆಚ್ಚು ಬೇಕು, ಮೊದಲೇ ಅಂಚು ಅಗಲ ಇಟ್ಟುಕೊಳ್ಳಿ.

ಕುಡ್ಲದ_ಕುಂಚ

ಮೂವರಿಗೂ ಬಹಳ ಧನ್ಯವಾದ. ಜೂನ್ ಹತ್ತಿರ ಬರುತ್ತಿದೆ. ಮಳೆಗಾಲದಲ್ಲೇ ಚಿನ್ನದ ಕೆಲಸ ಮಾಡಬೇಕಾಗಿ ಬಂದರೆ ಎಣ್ಣೆಯ ಅಂಟಿನಲ್ಲಿ ರೇಕು ಹಚ್ಚಬಹುದೇ? ಮತ್ತೆ, ಮುಗಿದ ಮೇಲೆ ವಾರ್ನಿಷ್ ಬೇಕೇ? ಜನ ಮುಟ್ಟಿ ಮುತ್ತಿಡುತ್ತಾರೆ.

ರೇಕು_ಕೆಲಸ

ಹಚ್ಚಬಹುದು. ಗೆಸ್ಸೊದ ಚಿನ್ನದ ಜಾಗಕ್ಕೆ ಮಾತ್ರ ಅರಗಿನ ಶೆಲ್ಯಾಕ್ ಎರಡು ಕೋಟ್ ಹಾಕಿ ಹೀರುವುದನ್ನು ನಿಲ್ಲಿಸಿ, ಮೇಲೆ 12 ಗಂಟೆಯ ಎಣ್ಣೆ ಅಂಟನ್ನು ಆದಷ್ಟೂ ತೆಳುವಾಗಿ ಎಳೆಯಿರಿ. ಬೆರಳಿನ ಗೆಣ್ಣು ತಾಗಿಸಿದರೆ ಜಿಗುಟಿ ಚಿಟ್ ಎನ್ನಬೇಕು, ಗುರುತು ಉಳಿಯಬಾರದು, ಆಗ ರೇಕು. ಅಂಟು ದಪ್ಪವಾದರೆ ಚಿನ್ನ ಸುಕ್ಕುಗಟ್ಟಿ ಮುಳುಗುತ್ತದೆ. ಇದನ್ನು ಅಗೇಟ್‌ನಿಂದ ಉಜ್ಜುವಂತಿಲ್ಲ, ಹೊಳಪು ಮೆತ್ತಗಿರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಅಕ್ಟೋಬರ್ ನಂತರಕ್ಕೆ ಕಾಯಿರಿ, ಇಲ್ಲವೇ ಎ.ಸಿ. ಕೋಣೆಯಲ್ಲಿ ತೇವಾಂಶ ಶೇಕಡಾ 60ರೊಳಗೆ ತಂದು ನೀರಿನ ವಿಧಾನದಲ್ಲೇ ಮಾಡಿ. ಮೋಂಬತ್ತಿಯ ಬೆಳಕಿಗೆ ಉಜ್ಜಿದ ಚಿನ್ನ ಉತ್ತರಿಸುವ ರೀತಿಯೇ ಬೇರೆ.

ವಾರ್ನಿಷ್‌ಗೆ ಸಾಂಪ್ರದಾಯಿಕ ಉತ್ತರ ಓಲಿಫಾ, ಅಂದರೆ ಕಾಯಿಸಿದ ಅಗಸೆ ಎಣ್ಣೆ. ಬಣ್ಣ ಕೆಲವು ವಾರ ಒಣಗಿದ ಮೇಲೆ ಹಲಗೆಯನ್ನು ಮಟ್ಟಸ ಇಟ್ಟು ಎಣ್ಣೆ ಸುರಿದು, ಅಂಗೈಯಿಂದ ಹರಡುತ್ತ, ಬಣ್ಣ ಹೀರಿದ ಜಾಗಕ್ಕೆ ಮತ್ತೆ ತಳ್ಳುತ್ತ ಗಂಟೆಗಟ್ಟಲೆ ಕಾದು, ಜಿಗುಟು ಶುರುವಾದಾಗ ಉಳಿದದ್ದನ್ನು ತೆಗೆಯುತ್ತಾರೆ. ಬಣ್ಣಕ್ಕೆ ಆಳ ಬರುತ್ತದೆ, ಮುಟ್ಟಿದರೂ ತಡೆಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗಿ ಬಿಸಿಯೇರಿ ಬೆಂಕಿ ಹಿಡಿಯುತ್ತದೆ. ನೀರಿನಲ್ಲಿ ಮುಳುಗಿಸಿಡಿ.

ಹಲಗೆ_ಬಿಳುಪು

ಓಲಿಫಾಕ್ಕೆ ನನ್ನ ಒಪ್ಪಿಗೆ ಇಲ್ಲ. ಕೆಲವು ದಶಕಗಳಲ್ಲೇ ಅದು ಕಪ್ಪಾಗುತ್ತದೆ, ಧೂಪ ಮೋಂಬತ್ತಿಯ ಮಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಷ್ಯದ ಹಳೆಯ ಐಕಾನ್ ಚಿತ್ರಕಾರ ಆಂದ್ರೇಯ್ ರುಬ್ಲ್ಯೋವನ ತ್ರಿತ್ವದ ಐಕಾನ್ ಕೂಡ ಅಂಥ ಕಪ್ಪು ಪದರದ ಅಡಿಯಲ್ಲೇ ಇತ್ತು, 1904ರಲ್ಲಿ ಶುಚಿ ಮಾಡಲು ಹೊರಟಾಗಲೇ ಅದರ ನೀಲಿ ಹೊರಬಂದದ್ದು. ಕರಾವಳಿಯಲ್ಲಿ ಎಣ್ಣೆ ಒಣಗುವ ಮೊದಲೇ ದೂಳು, ಕೀಟ ಅಂಟುವ ತೊಂದರೆ ಬೇರೆ.

ಆರು ತಿಂಗಳು ಏನೂ ಹಚ್ಚದೆ ಬಿಡಿ. ಮೊಟ್ಟೆ ಅಷ್ಟರಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ಅಕ್ರಿಲಿಕ್ ಹಾಳೆಯ ಚೌಕಟ್ಟು, ಹಾಳೆಗೂ ಚಿತ್ರಕ್ಕೂ ನಡುವೆ 8 ಎಂ.ಎಂ. ಅಂತರ. ಚೌಕಟ್ಟಿನ ಮೇಲೆ ಕೆಳಗೆ ಗಾಳಿಗೆ ಸಣ್ಣ ರಂಧ್ರ ಇರಲಿ, ಪೂರ್ತಿ ಮುಚ್ಚಿದರೆ ಒಳಗೆ ಬೆವತು ಬೂಸು ಹಿಡಿಯುತ್ತದೆ. ಮೊಟ್ಟೆ, ಪ್ರಾಣಿಜನ್ಯ ಅಂಟು ಎರಡೂ ಬೂಸಿಗೆ ಇಷ್ಟದ ಆಹಾರ. ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ, ಒಳಗೋಡೆಯಾದರೂ ಹಿಂದೆ ಎರಡು ಸೆಂ.ಮೀ. ಮರದ ತುಂಡು ಕೊಟ್ಟು ಗಾಳಿಯಾಡಲಿ. ಮೋಂಬತ್ತಿ ಒಂದಡಿಗಿಂತ ದೂರ, ಹೂವಿನ ಹಾರ ಚೌಕಟ್ಟಿಗೆ ಮಾತ್ರ. ಮುತ್ತಿಡುವವರಿಗೆ ಹಾಳೆಯ ಕೆಳಭಾಗ ಇದ್ದೇ ಇದೆ, ಅದನ್ನು ದಿನಾ ಒಣಬಟ್ಟೆಯಲ್ಲಿ ಒರೆಸಿ. ಚಿತ್ರಕ್ಕೆ ಮಾತ್ರ ಒದ್ದೆ ಬಟ್ಟೆ ಎಂದೂ ತಾಗಿಸಬಾರದು, ದೂಳಿಗೆ ಮೆತ್ತನೆಯ ಒಣಕುಂಚ ಸಾಕು.

ತೂಬಿನ_ಬೆಳಕು

ಹಾಳೆಯ ಚೌಕಟ್ಟಿಗೇ ನನ್ನ ಮತ. ಒಂದು ಸೇರಿಸುತ್ತೇನೆ: ಹಾಳೆಯಲ್ಲಿ ಕಿಟಕಿ ಪ್ರತಿಬಿಂಬಿಸಿದರೆ ತಾಯಿಯ ಕಣ್ಣು ಕಾಣುವುದಿಲ್ಲ. ಮೊಳೆ ಹೊಡೆಯುವ ಮೊದಲು ಯಾರನ್ನಾದರೂ ಪ್ರಾರ್ಥನೆಯ ಜಾಗದಲ್ಲಿ ಮೊಣಕಾಲೂರಿಸಿ, ಹಲಗೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಹಿಡಿದು ಎತ್ತರ ನಿಗದಿ ಮಾಡಿ. ನಿಂತವರ ಕಣ್ಣಿನ ಮಟ್ಟ ಇಲ್ಲಿ ಲೆಕ್ಕಕ್ಕಿಲ್ಲ. ಫಾದರ್ ಆಶೀರ್ವಾದ ಮಾಡುವ ದಿನ ತೀರ್ಥ ಎರಚುವಾಗ ಚೌಕಟ್ಟು ಕೂರಿಸಿಯೇ ಇರಲಿ, ಎಗ್ ಟೆಂಪೆರಾದ ಮೇಲೆ ನೀರಿನ ಹನಿ ಬಿದ್ದರೆ ಕಲೆ ಉಳಿಯುತ್ತದೆ.